ಚೆಕ್‌ರೋಲ್ ಓದಿದವಳು ವಿಚ್ಛೇದನದ ವಕೀಲೆಯಾದದ್ದು

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಿರಿಯ ವಕೀಲರು, ಪದವಿ ವಿದ್ಯಾರ್ಥಿನಿಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕಕ್ಷಿದಾರರ ಗುರುತು ಸಿಗದಂತೆ ಊರು, ವಿವರಗಳನ್ನು ಬದಲಿಸಿದ್ದೇನೆ.)

ನನ್ನನ್ನು ಕರೆದವರು "ಮೇಡಂ, ಕುಟುಂಬ ಕಾನೂನು ಅಂತ ಹಾಕ್ತೀವಿ, ಡೈವೋರ್ಸ್ ಅಂತ ಆಮಂತ್ರಣದಲ್ಲಿ ಬೇಡ" ಅಂದರು. ಆಗಲಿ ಅಂದೆ. ಮದುವೆ ಸೀಸನ್ನಿನಲ್ಲಿ ಆ ಕಾರ್ಡು ಯಾರ ಮನೆಗೂ ಶೋಭೆ ತರೋದಿಲ್ಲ. ಆದರೆ ನೀವು ಬಂದಿರೋದು ಯಾವುದಕ್ಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಸುತ್ತಿ ಬಳಸೋದು ಬೇಡ.

ಮೊದಲ ಪ್ರಶ್ನೆಗೆ ಈಗಲೇ ಉತ್ತರ ಕೊಟ್ಟುಬಿಡ್ತೀನಿ. ಹೌದು, ನನಗೆ ಮದುವೆ ಆಗಿದೆ. ಒಂದೇ ಸಲ. ಈಗಲೂ ಅದೇ ಮನುಷ್ಯ. ಆಫೀಸಿಗೆ ಬರುವ ಪ್ರತಿ ಹೆಂಗಸೂ ವಕಾಲತ್ತಿಗೆ ಸಹಿ ಹಾಕುವ ಮುಂಚೆ ಇದನ್ನು ಕೇಳ್ತಾಳೆ, ಗಂಡಸರು ಸಹಿ ಹಾಕಿದ ಮೇಲೆ ಕೇಳ್ತಾರೆ.

ನಮ್ಮಪ್ಪ ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಇಲ್ಲಿರುವವರಿಗೆ ರೈಟರ್ ಅಂದರೆ ಯಾರು ಅಂತ ವಿವರಿಸಬೇಕಿಲ್ಲ. ಬೆಳಗ್ಗೆ ಚೆಕ್‌ರೋಲ್ ಹಿಡಿದು ಆಳು ಲೆಕ್ಕ ಬರೆಯೋದು, ಸಂಜೆ ಕೊಯ್ಲಿನ ತೂಕ ಬರೆಯೋದು, ವಾರಕ್ಕೊಮ್ಮೆ ಬಟವಾಡೆ. ಕೊಯ್ಲಿನ ಕಾಲದಲ್ಲಿ ಅವರಿಗೆ ಕೂಡಿಸಿ ಕಳೆದು ಮುಗಿಯುತ್ತಿರಲಿಲ್ಲ, ಹೈಸ್ಕೂಲಿನಲ್ಲಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅರೇಬಿಕಾ ಕಣಕ್ಕೆ ಬಂದಾಗ ಎಷ್ಟು, ರೊಬಸ್ಟಾ ಯಾವಾಗ, ಹಣ್ಣು ಒಣಗಿ ಚೆರಿಯಾದರೆ ತೂಕ ಎಷ್ಟು ಇಳಿಯುತ್ತೆ, ಒಳ್ಳೆ ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಅಂದರೆ ಏನು, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಮುಂದಿನ ವರ್ಷದ ಪುಸ್ತಕ ಹೇಗೆ ಕಾಣುತ್ತೆ, ಇದೆಲ್ಲ ನನಗೆ ಕಾನೂನಿಗಿಂತ ಮೊದಲೇ ಗೊತ್ತಿತ್ತು. ಅದು ಯಾವತ್ತಾದರೂ ಕೆಲಸಕ್ಕೆ ಬರುತ್ತೆ ಅಂತ ಮಾತ್ರ ಯಾರೂ ಅಂದುಕೊಂಡಿರಲಿಲ್ಲ.

ಮೈಸೂರಿನಲ್ಲಿ ಲಾ ಮುಗಿಸಿ 1995ರಲ್ಲಿ ಎನ್‌ರೋಲ್ ಆದೆ. ಮಡಿಕೇರಿಯಲ್ಲಿ ಆಗ ಕೋರ್ಟು ಕೋಟೆಯೊಳಗಿತ್ತು. ನನ್ನ ಸೀನಿಯರ್ ಜಮೀನಿನ ವಕೀಲರು. ಜಮ್ಮಾ (ಕೊಡಗಿನ ಮನೆತನಗಳ ವಂಶಪಾರಂಪರ್ಯದ ಜಮೀನು), ಬಾಣೆ (ಅದಕ್ಕೆ ಸೇರಿದ ಮರಗಾಡಿನ ಜಾಗ), ಪಾಲುಪಾರಿಕತ್ತು, ಸರ್ವೆ ಅಂದರೆ ಅವರ ಕಣ್ಣು ಹೊಳೆಯೋದು. ಗಂಡ-ಹೆಂಡತಿ ಜಗಳ ಅಂದರೆ ಮುಖ ಸಿಂಡರಿಸೋರು. "ನೀನು ಹೆಣ್ಣುಮಗಳು, ನೋಡ್ಕೋ" ಅಂತ ಒಂದು ಜೀವನಾಂಶದ ಫೈಲು ನನ್ನ ಮೇಜಿಗೆ ತಳ್ಳಿದರು. ಆ ಕಾಲಕ್ಕೆ ಕಿರಿಯ ವಕೀಲೆಯರೆಲ್ಲರ ಮೇಜಿಗೂ ಇಂಥ ಫೈಲು ಹೀಗೇ ಬರುತ್ತಿತ್ತು. ಅದರಲ್ಲಿ ದೊಡ್ಡ ಕಥೆಯೇನಿಲ್ಲ.

ಕಥೆ ಇರೋದು ಐನೂರು ರೂಪಾಯಿಯಲ್ಲಿ.

ಆಗ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಇತ್ತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಹೆಂಡತಿ ಮಕ್ಕಳನ್ನು ಸಾಕದ ಗಂಡನಿಂದ ಮ್ಯಾಜಿಸ್ಟ್ರೇಟರು ತಿಂಗಳ ಜೀವನಾಂಶ ಕೊಡಿಸಬಹುದು. ಆದರೆ ಸೆಕ್ಷನ್ನಿನೊಳಗೇ ಮಿತಿ ಹಾಕಿದ್ದರು: ತಿಂಗಳಿಗೆ ಹೆಚ್ಚೆಂದರೆ ₹500. ನೆನಪು ಮಾಡಿಕೊಳ್ಳಿ, ಅದು ಯಾವ ಕಾಲ? 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಗಿತ್ತು. ಇಲ್ಲಿ ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕೆಂಬ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಸಡಿಲಾಗಿ ಬೆಳೆಗಾರರು ಹೊರಗೆ ಮಾರುವ ಸ್ವಾತಂತ್ರ್ಯ ಸಿಗುತ್ತಿತ್ತು. ಕೊಡಗು ಅಂಥ ದುಡ್ಡು ಕಂಡಿರಲಿಲ್ಲ. ಮನೆ ಮುಂದೆ ಹೊಸ ಕಾರು, ಮನೆ ಮೇಲೆ ಹೊಸ ಮಾಳಿಗೆ. ಆ ಫೈಲಿನ ಗಂಡ ಹೊಸ ಜೀಪಿನಲ್ಲಿ ಕೋರ್ಟಿಗೆ ಬರುತ್ತಿದ್ದ. ಅವನ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಸೋಮವಾರಪೇಟೆಯ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಕಾನೂನು ಆಕೆಗೆ ಐನೂರರ ಮೇಲೆ ಒಂದು ಪೈಸೆ ಕೊಡಿಸುತ್ತಿರಲಿಲ್ಲ. ಆ ಮಿತಿಯನ್ನು ಸಂಸತ್ತು ತೆಗೆದುಹಾಕಿದ್ದು 2001ರಲ್ಲಿ.

ಮಿತಿ ಇಲ್ಲದ ದಾರಿಗಳೂ ಇದ್ದವು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಸಿವಿಲ್ ದಾವೆ ಹಾಕಬಹುದಿತ್ತು, ಮುಗಿಯುವಷ್ಟರಲ್ಲಿ ಮಕ್ಕಳು ದೊಡ್ಡವರಾಗೋರು. ಇನ್ನೊಂದು, 1955ರ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್: ಮೊಕದ್ದಮೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ, ಗಂಡನ ಆದಾಯ ನೋಡಿ. 25ನೇ ಸೆಕ್ಷನ್‌ನಲ್ಲಿ ಶಾಶ್ವತ ಜೀವನಾಂಶ. ಆದರೆ 24 ಬೇಕೆಂದರೆ ಆ ಕಾಯ್ದೆಯಡಿ ಯಾವುದಾದರೂ ಒಂದು ಅರ್ಜಿ ಇರಲೇಬೇಕು. ಒಟ್ಟಿಗೆ ಬಾಳಬೇಕು ಅಂತ ಕೇಳುವ ಅರ್ಜಿಯೋ, ಕಾನೂನುಬದ್ಧ ಪ್ರತ್ಯೇಕತೆಯೋ, ವಿಚ್ಛೇದನವೋ. ಅವಳಿಗೆ ಅವನ ಜತೆ ಬಾಳುವ ಆಸೆ ಉಳಿದಿರಲಿಲ್ಲ. ಹಾಗಾಗಿ ವಿಚ್ಛೇದನದ ಅರ್ಜಿ ಹಾಕಿದೆ. ಜನ ನನ್ನನ್ನು "ಮನೆ ಒಡೆಯೋ ವಕೀಲೆ" ಅನ್ನೋಕೆ ಶುರು ಮಾಡಿದ್ದು ಅಲ್ಲಿಂದ. ಒಂದು ವೇಳೆ ಆ ಐನೂರರ ಗೆರೆ ಇಲ್ಲದೇ ಹೋಗಿದ್ದರೆ ನಾನು ಇವತ್ತು ಸರ್ವೆ ನಕ್ಷೆ ನೋಡಿಕೊಂಡು ನೆಮ್ಮದಿಯಾಗಿ ಇರ್ತಿದ್ದೆನೋ ಏನೋ.

24ರಲ್ಲಿ ಒಂದು ತೊಡಕು. ಗಂಡನ ಆದಾಯವನ್ನು ನಾವು ತೋರಿಸಬೇಕು. ಸರ್ಕಾರಿ ನೌಕರನಾದರೆ ಸಂಬಳದ ಚೀಟಿ ತರಿಸಿದರೆ ಮುಗಿಯಿತು. ಸೈನ್ಯದಲ್ಲಿದ್ದರೆ, ನಮ್ಮ ಜಿಲ್ಲೆಯಲ್ಲಿ ಅಂಥವರು ಬಹಳ, ಆರ್ಮಿ ಕಾಯ್ದೆಯಡಿ ಸಂಬಳದಿಂದಲೇ ಹೆಂಡತಿ ಮಕ್ಕಳಿಗೆ ಕಡಿತ ಮಾಡಿಸುವ ವ್ಯವಸ್ಥೆ ಇದೆ. ಕಾಫಿ ಬೆಳೆಗಾರನ ವಿಷಯ ಹಾಗಲ್ಲ. ದುಡ್ಡು ತಿಂಗಳಿಗೆ ಬರೋದಿಲ್ಲ, ವರ್ಷಕ್ಕೊಮ್ಮೆ ಬರುತ್ತೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಹಣ್ಣು, ಚೆರಿ ಮಾರಿದ್ದು ರಿಟರ್ನ್‌ನಲ್ಲಿ ತೆರಿಗೆಗೆ ಸಿಗೋದಿಲ್ಲ. ಜಮೀನು ಜಮ್ಮಾ ಆದರಂತೂ ಆರ್‌ಟಿಸಿಯ (ಪಹಣಿಯ) 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಹೆಸರಿನ ಜಾಗದಲ್ಲಿ, ತೀರಿಹೋದ ಅಜ್ಜಂದಿರು, ದೊಡ್ಡಪ್ಪಂದಿರು, ಪಟ್ಟೇದಾರ (ಮನೆತನದ ಯಜಮಾನ) ಅಂತ ಇಡೀ ಒಕ್ಕವೇ, ಅಂದರೆ ಮನೆತನವೇ, ಕೂತಿರುತ್ತೆ. ಇಪ್ಪತ್ತು ಎಕರೆ ತೋಟದಲ್ಲಿ ಬದುಕುವವನು ಕಟಕಟೆಯಲ್ಲಿ ನಿಂತು "ನನ್ನ ಹೆಸರಲ್ಲಿ ಒಂದು ಸೆಂಟೂ ಇಲ್ಲ ಸ್ವಾಮಿ" ಅಂದರೆ, ಕಾಗದದ ಪ್ರಕಾರ ಅದು ಸುಳ್ಳಲ್ಲ.

ಆ ಜೀಪಿನವನೂ ಅದನ್ನೇ ಹೇಳಿದ. ತೋಟ ಅಣ್ಣನದು, ತಾನು ಅಣ್ಣನ ಹಂಗಿನಲ್ಲಿದ್ದೇನೆ, ಫಸಲೂ ಇಲ್ಲ. ಪಾಟೀ ಸವಾಲಿನ ಹಿಂದಿನ ರಾತ್ರಿ ಅಪ್ಪನಿಗೆ ಹೇಳಿದೆ. ಅಪ್ಪ ಒಂದೇ ಮಾತು ಹೇಳಿದರು: "ಆದಾಯ ಕೇಳಬೇಡ. ಫಸಲು ಕೇಳು." ಮಾರನೇ ದಿನ ಕೇಳಿದೆ. "ನಿಮ್ಮ ತೋಟ ಬಹಳ ಹಳೇದಂತೆ, ಗಿಡ ಮುದಿಯಾಗಿದೆಯಂತೆ, ಪಕ್ಕದ ತೋಟದವರಿಗೆ ಬರುವುದರಲ್ಲಿ ಅರ್ಧವೂ ನಿಮಗೆ ಬರೋದಿಲ್ಲವಂತೆ, ಹೌದಾ?" ಆ ಮನುಷ್ಯ ಕೆಂಪಾಗಿಬಿಟ್ಟ. "ಯಾರು ಹೇಳಿದ್ದು? ಅವರು ನೀರು ಹಾಕೋದೇ ಇಲ್ಲ. ನಾನು ಸ್ಪ್ರಿಂಕ್ಲರ್ ಹಾಕಿ ಹೂ ತೆಗೀತೀನಿ. ಎಕರೆಗೆ ಎಷ್ಟು ಚೀಲ ಬರುತ್ತೆ ಬಂದು ನೋಡಿ!" ಎಷ್ಟು ಚೀಲ ಅಂತ ಕೇಳಿದೆ. ಹೇಳಿದ. ಯಾರಿಗೆ ಮಾರಿದಿರಿ ಅಂತ ಕೇಳಿದೆ. ಅದನ್ನೂ ಹೇಳಿದ. ಅವನ ವಕೀಲರು ಮೇಜಿನ ಕೆಳಗಿಂದ ಸನ್ನೆ ಮಾಡುತ್ತಿದ್ದರು, ಅವನ ಕಣ್ಣು ನನ್ನ ಮೇಲಿತ್ತು. ಬೆಳೆಗಾರ ಸಾಲ ಒಪ್ಪಿಕೊಳ್ಳುತ್ತಾನೆ, ಸೋಲು ಒಪ್ಪಿಕೊಳ್ಳುತ್ತಾನೆ, ತನ್ನ ತೋಟ ಪಕ್ಕದವನದಕ್ಕಿಂತ ಕಡಿಮೆ ಅನ್ನೋದನ್ನು ಮಾತ್ರ ಒಪ್ಪೋದಿಲ್ಲ. ಅಪ್ಪನಿಗೆ ಇದು ಮೂವತ್ತು ವರ್ಷದ ಅನುಭವ.

ಕಿರಿಯ ವಕೀಲರೇ, ಈಗ ನಿಮಗೆ ಹೇಳೋದು. ಅಹಂಕಾರ ಎಲ್ಲ ಸಲ ಕೆಣಕಲು ಸಿಗೋದಿಲ್ಲ, ಕಾಗದ ಬೇಕು. ಆರ್‌ಟಿಸಿ ತೆಗೆದರೆ 9ನೇ ಕಾಲಂ ನೋಡಿ ನಿಲ್ಲಿಸಬೇಡಿ. 11ನೇ ಕಾಲಂನಲ್ಲಿ ಋಣ ಇರುತ್ತೆ, ಯಾವ ಬ್ಯಾಂಕು, ಯಾವ ಸಹಕಾರ ಸಂಘ, ಎಷ್ಟು ಸಾಲ. 12ರಲ್ಲಿ ಸಾಗುವಳಿ ಯಾರದು, ಬೆಳೆ ಯಾವುದು. ಸಾಲ ಕೊಟ್ಟ ಕಡೆಯಿಂದ ಅರ್ಜಿ ತರಿಸಿ. ಕೋರ್ಟಿನಲ್ಲಿ "ಏನೂ ಬರೋದಿಲ್ಲ" ಅನ್ನೋನು ಸಾಲದ ಅರ್ಜಿಯಲ್ಲಿ ಎಷ್ಟು ಎಕರೆ, ಎಷ್ಟು ಫಸಲು, ಮೆಣಸಿನ ಬಳ್ಳಿ ಎಷ್ಟು ಅಂತ ತನ್ನ ಕೈಯಾರೆ ಬರೆದುಕೊಟ್ಟಿರುತ್ತಾನೆ. ಹೆಚ್ಚು ತೋರಿಸಿದರೆ ತಾನೇ ಹೆಚ್ಚು ಸಾಲ? ಗೊಬ್ಬರದ ಅಂಗಡಿ ಬಿಲ್ಲು, ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕ, ಮಕ್ಕಳ ಬೋರ್ಡಿಂಗ್ ಶಾಲೆಯ ರಸೀದಿ, ಕುಶಾಲನಗರದ ವ್ಯಾಪಾರಿಯ ತೂಕದ ಚೀಟಿ. ಇವೆಲ್ಲ ಸೇರಿದರೆ ಒಂದು ವರ್ಷದ ಲೆಕ್ಕ ತಾನಾಗಿ ಎದ್ದು ಕೂರುತ್ತೆ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ ನಮ್ಮ ಕೆಲಸ ಸ್ವಲ್ಪ ಹಗುರವಾಗಿದೆ. ಗಂಡ ಹೆಂಡತಿ ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಕೊಡಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ನನಗೆ ಖುಷಿ ಕೊಟ್ಟದ್ದು ಇನ್ನೊಂದು ವಿಷಯ: ಆ ತೀರ್ಪಿಗೆ ಲಗತ್ತಿಸಿದ ನಮೂನೆಗಳಲ್ಲಿ ಕೃಷಿಕರಿಗೆಂದೇ ಬೇರೆ ನಮೂನೆ ಇದೆ. ಜಮೀನು ಎಷ್ಟು, ಅದರಲ್ಲಿ ನಿಮ್ಮ ಪಾಲು ಎಷ್ಟು, ಯಾವ ಬೆಳೆ, ಹಿಂದಿನ ವರ್ಷಗಳಲ್ಲಿ ಏನು ಬಂತು, ಎಲ್ಲ ಕೇಳುತ್ತೆ. ನಗರದ ಸಂಬಳದಾರರ ಪ್ರಕರಣಗಳಲ್ಲಿ ನಿವ್ವಳ ಸಂಬಳದ ಶೇ. 25 ಅನ್ನುವ ಲೆಕ್ಕ ಓಡಾಡುತ್ತೆ, ಅದನ್ನು ತಂದು ತೋಟದವನ ಮೇಲೆ ಹೇರಬೇಡಿ. ರೇಟು ಏರಿದ ವರ್ಷದ್ದೂ ಇಳಿದ ವರ್ಷದ್ದೂ ಸೇರಿಸಿ ಸರಾಸರಿ ಕೇಳಿ. ಅದು ನ್ಯಾಯ, ಜಡ್ಜ್ ಕೂಡ ಒಪ್ಪುತ್ತಾರೆ.

ಹೋಂಸ್ಟೇ ಬಂದ ಮೇಲೆ ಇನ್ನೊಂದು ಬಗೆಯ ಸಾಕ್ಷ್ಯ ಹುಟ್ಟಿಕೊಂಡಿದೆ. ಒಂದು ಪ್ರಕರಣದಲ್ಲಿ ಗಂಡನ ಕಡೆಯವರು ಹೆಂಡತಿ "ಮನೆಯಲ್ಲಿ ಕಡ್ಡಿ ಎತ್ತಿ ಇಡುತ್ತಿರಲಿಲ್ಲ, ಅತಿಥಿಗಳ ಮುಂದೆ ಬರುತ್ತಲೇ ಇರಲಿಲ್ಲ" ಅಂತ ಹೇಳಿಕೆ ಕೊಟ್ಟರು. ಅವಳ ತಂಗಿ ಮೊಬೈಲಿನಲ್ಲಿ ಅದೇ ಹೋಂಸ್ಟೇಯ ಪುಟ ತೆಗೆದು ತೋರಿಸಿದಳು. ಬೆಂಗಳೂರು, ಚೆನ್ನೈಯಿಂದ ಬಂದವರು ವರ್ಷಗಟ್ಟಲೆ ಬರೆದ ಹೊಗಳಿಕೆ: ಆಂಟಿ ಮಾಡಿದ ಕಡಂಬಿಟ್ಟು, ಪಂದಿ ಕರಿ, ಬೆಳಗ್ಗೆ ಆರಕ್ಕೇ ಎದ್ದು ಕೊಟ್ಟ ಕಾಫಿ, ಮಗುವಿಗೆ ಜ್ವರ ಬಂದಾಗ ಕಷಾಯ. ಕೆಳಗೆ ಗಂಡನದೇ ಉತ್ತರ: ಧನ್ಯವಾದ, ನನ್ನ ಹೆಂಡತಿಗೆ ತಿಳಿಸುತ್ತೇನೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಲಗತ್ತಿಸಿ ಎಲ್ಲವನ್ನೂ ಮುದ್ರಿಸಿ ಹಾಜರುಪಡಿಸಿದೆವು. ಅತಿಥಿಗಳು ಬಂದುಹೋದ ತಾರೀಕುಗಳಿಂದ ವರ್ಷದ ಆದಾಯದ ಅಂದಾಜೂ ಸಿಕ್ಕಿತು, ಅದು ಉಪಲಾಭ.

ಇನ್ನು ಪತ್ತಾಕಿನ, ಅಂದರೆ ಕೊಡವ ಹೆಂಗಸರ ತಾಳಿಯ ಕಥೆ. ಹೊರಗಿನಿಂದ ಬಂದ ವಕೀಲರೊಬ್ಬರು ನನ್ನ ಕಕ್ಷಿದಾರಳನ್ನು, ಆಕೆ ಕೊಡವ ಹೆಣ್ಣುಮಗಳು, ಗದರಿಸುವ ದನಿಯಲ್ಲಿ ಕೇಳಿದರು: "ಗಂಡ ಕಟ್ಟಿದ ತಾಳಿಯನ್ನು ತೆಗೆದಿಟ್ಟಿದ್ದೀರಿ ತಾನೇ?" ಆಕೆ ಮೆಲ್ಲಗೆ ಹೇಳಿದಳು, "ಇದನ್ನು ಕಟ್ಟಿದ್ದು ನನ್ನ ಅವ್ವ." ಕೊಡವರ ಮದುವೆಯಲ್ಲಿ ಪತ್ತಾಕ್ ಕಟ್ಟೋದು ಹುಡುಗಿಯ ತಾಯಿ ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು, ಆ ವಕೀಲರಿಗೆ ಗೊತ್ತಿರಲಿಲ್ಲ. ಮುಂದಿನ ಪ್ರಶ್ನೆ ಅವರಲ್ಲಿ ಇರಲಿಲ್ಲ. ಈ ಜಿಲ್ಲೆಯಲ್ಲಿ ಕುಟುಂಬದ ಮೊಕದ್ದಮೆ ನಡೆಸೋನು ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಮಾತಾಡದಿದ್ದರೂ ಕೇಳಿಸಿಕೊಳ್ಳೋಕಾದರೂ ಕಲಿತಿರಬೇಕು. ಯಾವ ಮನೆಯಲ್ಲಿ ಯಾವ ಪದ್ಧತಿ ಅಂತ ತಿಳಿದಿರಬೇಕು.

ಪದ್ಧತಿಯ ಮಾತು ಬಂತು. ಕೊಡವರ ಮಂಗಲದಲ್ಲಿ (ಮದುವೆಯಲ್ಲಿ) ಎರಡೂ ಕಡೆಯ ಅರುವರು, ಅಂದರೆ ಮನೆತನದ ಪರ ಮಾತಾಡುವ ಹಿರಿಯರು, ಎದುರುಬದುರು ನಿಂತು ಸಂಬಂಧ ಅಡುಕುತ್ತಾರಲ್ಲ, ಅಂದರೆ ಕೂಡಿಸುತ್ತಾರಲ್ಲ, ಅಲ್ಲಿ ನಮ್ಮ ಹುಡುಗಿಗೆ ತೊಂದರೆಯಾದರೆ ಯಾರು ಹೊಣೆ ಅಂತ ಕೇಳುವ ಮಾತು ಬರುತ್ತೆ. ಹನ್ನೊಂದು ಹರಳು ಗಂಡಿನ ಕಡೆಗೆ ಕೊಟ್ಟು ಒಂದನ್ನು ತವರಲ್ಲಿ ಉಳಿಸಿಕೊಳ್ಳುತ್ತಾರೆ. ಮಗಳ ಹಕ್ಕು ಪೂರ್ತಿ ಹೋಗಲಿಲ್ಲ ಅಂತ. ಇಷ್ಟು ಮುಂದಾಲೋಚನೆಯ ವಿಧಿಯನ್ನು ನಾನು ಯಾವ ಕಾಯ್ದೆಯಲ್ಲೂ ಕಂಡಿಲ್ಲ. ಆದರೆ ವಾಪಸು ಬಂದ ಮಗಳು ಆ ಒಂದು ಹರಳನ್ನು ಹಿಡಿದುಕೊಂಡು ತಹಶೀಲ್ದಾರರ ಹತ್ತಿರ ಹೋಗೋಕಾಗೋದಿಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದ ಅಳಿಸಿತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟ ಮಾಡಿತು. ಇಷ್ಟಾದರೂ ಬಾಗಿಲಲ್ಲಿ ನಿಂತ ಅಕ್ಕನಿಗೆ ತಮ್ಮ ಹೇಳೋದು ಒಂದೇ ಮಾತು: "ಇರು, ಯಾರು ಬೇಡ ಅಂದರು? ಪಾಲು ಗೀಲು ಅನ್ನಬೇಡ."

ನಮ್ಮ ಮನೆಯಲ್ಲೂ ಅಂಥ ಒಬ್ಬರಿದ್ದರು. ಅಪ್ಪನ ತಂಗಿ, ನನ್ನ ಅತ್ತೆ. ಮದುವೆಯಾಗಿ ಎರಡನೇ ಆಟಿಗೆ (ಆಷಾಢಕ್ಕೆ) ತವರಿಗೆ ಬಂದವರು ತಿರುಗಿ ಹೋಗಲಿಲ್ಲ, ಕರೆಯೋಕೂ ಯಾರೂ ಬರಲಿಲ್ಲ. ಕ್ವಾರ್ಟರ್ಸಿನ ಅಡುಗೆಮನೆ ಪಕ್ಕದ ಕೋಣೆಯಲ್ಲೇ ಅವರ ಆಯುಷ್ಯ ಹೋಯಿತು. ವಿಚ್ಛೇದನ ಇಲ್ಲ, ಜೀವನಾಂಶ ಇಲ್ಲ, ವಿಧವೆಯೂ ಅಲ್ಲ. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಕೆಳಗೆ ಒಂದು ಹೆಸರು. ನಾನು ವಕೀಲೆಯಾದ ಮೇಲೆ "ಅತ್ತೆ, ಈಗಲೂ ಕೇಸು ಹಾಕಬಹುದು" ಅಂದೆ. "ಈಗ ಯಾತಕ್ಕೆ ಮಗಾ, ಅವನ ಮುಖವೇ ಮರೆತುಹೋಗಿದೆ" ಅಂದರು. ನಾನು ಈ ಕೆಲಸಕ್ಕೆ ಅವರಿಂದಾಗಿ ಬಂದೆ ಅಂತ ಸಂದರ್ಶನಗಳಲ್ಲಿ ಹೇಳೋಕೆ ಚೆನ್ನಾಗಿರುತ್ತೆ, ಆದರೆ ಹಾಗಲ್ಲ. ಬಂದದ್ದು ಲೆಕ್ಕದ ದಾರಿಯಲ್ಲೇ. ಅವರ ನೆನಪು ಮಾತ್ರ ಇನ್ನೊಂದಕ್ಕೆ ಬಳಕೆಯಾಗುತ್ತೆ: "ಹೇಗೋ ತವರಲ್ಲಿ ಇದ್ದೀನಲ್ಲ, ಕೋರ್ಟು ಯಾಕೆ" ಅನ್ನುವವರನ್ನು ನಾನು ಸುಮ್ಮನೆ ಕಳಿಸೋದಿಲ್ಲ.

ಬಾಂಡ್ ಪೇಪರ್ ವಿಚ್ಛೇದನದ ಬಗ್ಗೆ ಹೇಳದೆ ಹೋದರೆ ಅಪಚಾರ. ಊರ ಹಿರಿಯರ ಎದುರು ಛಾಪಾ ಕಾಗದದಲ್ಲಿ "ನಾವಿಬ್ಬರೂ ಇಂದಿನಿಂದ ಬೇರೆ" ಅಂತ ಬರೆಸಿ ನೋಟರಿ ಮುದ್ರೆ ಹಾಕಿಸಿಬಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಯ ಅಡಿ ಬರುವವರಿಗೆ, ಸಾಬೀತಾದ ರೂಢಿ ಇಲ್ಲದಿದ್ದರೆ, ಆ ಕಾಗದಕ್ಕೆ ಬೆಲೆ ಇಲ್ಲ. ಅದನ್ನು ನಂಬಿ ಎರಡನೇ ಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧ, ಆಮೇಲೆ ಪಿಂಚಣಿಗೂ ಪಾಲಿಗೂ ಎರಡು ಸಂಸಾರಗಳ ಜಗಳ. ಮುಸ್ಲಿಮರಿಗೆ, ಕ್ರೈಸ್ತರಿಗೆ ಅವರವರ ಕಾಯ್ದೆಗಳಿವೆ, ವಿವರಕ್ಕೆ ಇವತ್ತು ಸಮಯ ಸಾಲದು. ಆದರೆ ಯರವ, ಜೇನುಕುರುಬ ಸಮುದಾಯಗಳ ವಿಷಯ ಕಿರಿಯರು ತಪ್ಪದೆ ತಿಳಿದಿರಬೇಕು. ಹಿಂದೂ ವಿವಾಹ ಕಾಯ್ದೆಯ 2(2)ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು, ಪರಿಶಿಷ್ಟ ಪಂಗಡಗಳಿಗೆ ಆ ಕಾಯ್ದೆ ಅನ್ವಯಿಸೋದೇ ಇಲ್ಲ. ಲೈನ್‌ಮನೆಯಿಂದ (ತೋಟದ ಕೂಲಿಯವರ ಸಾಲುಮನೆಯಿಂದ) ಬಂದ ಹುಡುಗಿಗೆ ಕಣ್ಣುಮುಚ್ಚಿ ವಿಚ್ಛೇದನದ 13ನೇ ಸೆಕ್ಷನ್ ಅರ್ಜಿ ಟೈಪು ಮಾಡಿಸಿದರೆ ವರ್ಷಗಳು ಕಳೆದು ಅರ್ಜಿ ವಜಾ ಆಗುತ್ತೆ. ಅವರ ಮದುವೆಯೂ ಬಿಡುಗಡೆಯೂ ರೂಢಿಯಂತೆ. ಆ ರೂಢಿಯನ್ನು ಹೇಳಬಲ್ಲ ಹಿರಿಯರನ್ನು ಸಾಕ್ಷಿಯಾಗಿ ಕರೆಯಬೇಕು. ಜೀವನಾಂಶಕ್ಕೆ ಮಾತ್ರ ಯಾವ ತಡೆಯೂ ಇಲ್ಲ. 144ನೇ ಸೆಕ್ಷನ್ ಯಾವ ಜಾತಿ, ಧರ್ಮ, ಪಂಗಡ ಅಂತ ಕೇಳೋದಿಲ್ಲ.

ಲೋಕ ಅದಾಲತ್ ಮಾರನೇ ದಿನ ಪತ್ರಿಕೆಗಳಲ್ಲಿ ಹಾರ ಬದಲಿಸಿಕೊಂಡ ಜೋಡಿಗಳ ಫೋಟೋ ಬರುತ್ತೆ, "ಮತ್ತೆ ಒಂದಾದ ದಂಪತಿ" ಅಂತ. ರಾಜಿಗೆ ನನ್ನ ವಿರೋಧವಿಲ್ಲ, ಮಧ್ಯಸ್ಥಿಕೆಯಲ್ಲಿ ಎಷ್ಟೋ ಮನೆ ಉಳಿದದ್ದನ್ನು ನೋಡಿದ್ದೇನೆ. ನನ್ನ ತಕರಾರು ಆ ಫೋಟೋದ ಬಗ್ಗೆ. ಬಡಿತ ತಿಂದವಳ ಕೊರಳಿಗೆ ಹಾರ ಹಾಕಿಸಿ, ಕ್ಯಾಮೆರಾ ಮುಂದೆ ನಗಿಸಿ ಕಳಿಸಿದರೆ ಮುಂದಿನ ಮಳೆಗಾಲಕ್ಕೆ ಅವಳು ತಿರುಗಿ ಬರೋದಕ್ಕೂ ನಾಚುತ್ತಾಳೆ. ಹಿಂಸೆ ಇದ್ದ ಕಡೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಅದರಲ್ಲಿ ಅವಳನ್ನು ಮನೆಯಿಂದ ಹೊರಹಾಕದಂತೆ ಆದೇಶ ಪಡೆಯಬಹುದು, ಮನೆ ಯಾರ ಹೆಸರಲ್ಲಿದ್ದರೂ. ಮೊದಲು ಆ ಆದೇಶ, ಆಮೇಲೆ ರಾಜಿ ಮಾತು. ಈ ಕ್ರಮ ಬದಲಿಸುವ ವಕೀಲರ ಜತೆ ನಾನು ಜಗಳ ಆಡಿದ್ದೇನೆ, ಇನ್ನೂ ಆಡ್ತೀನಿ.

ಕೊನೆಯಲ್ಲಿ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗಿ ಕೇಳಿದಳು: ಇಬ್ಬರೂ ಒಪ್ಪಿದರೆ ಆರು ತಿಂಗಳಲ್ಲಿ ಮುಗಿಯುತ್ತಾ? ಹಿಂದೂ ವಿವಾಹ ಕಾಯ್ದೆಯ 13ಬಿಗೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆದರೆ ರಾಜಿ ಸಾಧ್ಯವೇ ಇಲ್ಲ, ಜೀವನಾಂಶ, ಮಕ್ಕಳ ವಿಷಯ ಎಲ್ಲ ತೀರ್ಮಾನವಾಗಿದೆ ಅಂತ ಕಂಡರೆ ಕೋರ್ಟು ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೇಗ ಮುಗಿಸುವ ಅವಸರದಲ್ಲಿ "ಭವಿಷ್ಯದ ಎಲ್ಲ ಜೀವನಾಂಶ ಬಿಟ್ಟುಕೊಟ್ಟಿದ್ದೇನೆ" ಅನ್ನುವ ಸಾಲಿಗೆ ಸಹಿ ಹಾಕಬೇಡಮ್ಮ. ಅವನ ಆಸ್ತಿಯ ಪ್ರಮಾಣಪತ್ರ ಕಣ್ಣಾರೆ ನೋಡಿದ ಮೇಲೆ ಆ ಸಾಲು ಬೇಕೋ ಬೇಡವೋ ತೀರ್ಮಾನ ಮಾಡು.

ಇನ್ನೊಬ್ಬರು, ಹಿರಿಯರು, ಬಾಳೆಲೆ ಕಡೆಯವರು, ಫೀಸಿಗೆ ದುಡ್ಡಿಲ್ಲದವರು ಏನು ಮಾಡಬೇಕು ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವಿದೆ. ಕೋರ್ಟು ಆವರಣದಲ್ಲೇ ತಾಲೂಕು ಸಮಿತಿಯ ಕಚೇರಿ ಇರುತ್ತೆ, ಹೋಗಿ ಕೇಳಿ. ಗಂಡ ಕೇರಳದಲ್ಲೋ ಬೆಂಗಳೂರಿನಲ್ಲೋ ಇದ್ದರೂ ಹೆದರಬೇಕಿಲ್ಲ. 2003ರ ತಿದ್ದುಪಡಿಯಿಂದ ಹೆಂಡತಿ ತಾನು ವಾಸವಿರುವ ಕಡೆಯೇ ವಿಚ್ಛೇದನದ ಅರ್ಜಿ ಹಾಕಬಹುದು, ಕುಟ್ಟದಿಂದ ಕಣ್ಣೂರಿಗೆ ಅಲೆಯಬೇಕಾಗಿಲ್ಲ. ಬರುವಾಗ ಮದುವೆ ಫೋಟೋ, ಇಬ್ಬರ ಆಧಾರ್, ಮಕ್ಕಳ ಶಾಲೆಯ ರಸೀದಿ, ಗಂಡನ ಮನೆಯ ಸರ್ವೆ ನಂಬರು ತನ್ನಿ. ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಪಕ್ಕದ ತೋಟದವರ ಹೆಸರಾದರೂ ಕೇಳಿಕೊಂಡು ಬನ್ನಿ, ಉಳಿದದ್ದನ್ನು ನಾವು ಹುಡುಕುತ್ತೇವೆ.